ಡಾಕ್ಟರ ಮುಂದೆ ನಾನು ಹೇಳಿದ ಚಾಡಿ

ಇದು ಮೂರು ವರ್ಷದ ಹಿಂದಿನ ಮಾತು. ಮಂಗಸೂಳಿಯ ಕಡೆ ನಮ್ಮದು ದ್ರಾಕ್ಷಿ ತೋಟ. ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸುವ ಚಾಟ್ನಿ ಮುಗಿದು, ಹೊಸ ಚಿಗುರು ಬಂದು, ಗೊನೆಗಳಲ್ಲಿ ಕಾಳಿನಷ್ಟು ಕಾಯಿ ಕಾಣಿಸಿಕೊಳ್ಳುವ ಹೊತ್ತಿಗೆ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ರೂಪಾಲಿ, ಬೆನ್ನು ನೋವು ಅಂತ ಶುರು ಮಾಡಿದಳು. 'ಶುರು ಮಾಡಿದಳು' ಅಂತಲೇ ನಾನು ಆಗ ಎಲ್ಲರಿಗೂ ಹೇಳುತ್ತಿದ್ದೆ. ನೋವು ಬಂತು ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ.

ಮುಚ್ಚಿಡುವುದೇನು, ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾನು ಹಾರೂಗೇರಿಯವಳು. ಈ ಮನೆಗೆ ಹಿರಿ ಸೊಸೆಯಾಗಿ ಬಂದು ಆಗಲೇ ಹನ್ನೆರಡು ವರ್ಷವಾಗಿತ್ತು. ರೂಪಾಲಿ ನಿಪ್ಪಾಣಿಯವಳು, ಬಂದು ನಾಲ್ಕು ವರ್ಷ. ಬಿ.ಕಾಂ. ಓದಿದ್ದಾಳೆ, ಮೈಬಣ್ಣ ಬೆಳ್ಳಗೆ, ಮರಾಠಿ ಮಾತಾಡಿದರೆ ಕೇಳುತ್ತ ಕೂರಬೇಕು ಅನಿಸುತ್ತದೆ. ದ್ರಾಕ್ಷಿ ವ್ಯಾಪಾರಿಗಳ ಫೋನು ಬಂದರೆ ಮೈದುನ ಸಚಿನ ಅವಳ ಕೈಗೇ ಕೊಡುತ್ತಿದ್ದ. ನಾನು ರೊಟ್ಟಿ ಬಡಿಯುತ್ತ ಕೇಳಿಸಿಕೊಳ್ಳುತ್ತಿದ್ದೆ. ಇದನ್ನೆಲ್ಲ ಹೇಗೋ ಸಹಿಸಿಕೊಳ್ಳಬಹುದಿತ್ತು. ಸಹಿಸಿಕೊಳ್ಳಲು ಆಗದೇ ಇದ್ದದ್ದು ಬೋರಮಾಳ. ಅತ್ತೆಯ ಕೊರಳಲ್ಲಿದ್ದ ಬಂಗಾರದ ಗುಂಡುಗಳ ಸರ ಅದು. ನನ್ನ ಮದುವೆಯಲ್ಲಿ ಅತ್ತೆ ಅದನ್ನು ಮುಟ್ಟಿ ತೋರಿಸಿ, ಮುಂದೆ ಇದು ನಿನಗೇ ಅಂದಿದ್ದರು. ಎಂಟು ವರ್ಷ ಕಾದೆ. ರೂಪಾಲಿಯ ಮದುವೆಯ ದಿನ ಅಕ್ಷತೆ ಬಿದ್ದ ಮೇಲೆ ಎಲ್ಲರ ಮುಂದೆ ಅದನ್ನು ತೆಗೆದು ಅವಳ ಕೊರಳಿಗೆ ಹಾಕಿದರು. ನಾನು ಪಕ್ಕದಲ್ಲೇ ಆರತಿ ತಟ್ಟೆ ಹಿಡಿದು ನಿಂತಿದ್ದೆ. ನಕ್ಕೆ ಕೂಡ. ಆ ಫೋಟೊ ಈಗಲೂ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ.

ಅಂಥವಳಿಗೆ ಬೆನ್ನು ನೋವು ಅಂದಕೂಡಲೇ ಮನೆಯೆಲ್ಲ ಅವಳ ಸುತ್ತ ತಿರುಗತೊಡಗಿತು. ಅತ್ತೆ ಸಂಜೆ ಎಣ್ಣೆ ಬೆಚ್ಚಗೆ ಮಾಡಿಕೊಂಡು ಹೋಗಿ ಅವಳ ಬೆನ್ನು ತಿಕ್ಕುವರು. ಸಚಿನ ಅಥಣಿಗೆ ಹೋದವನು ದಪ್ಪನೆಯ ಹೊಸ ಗಾದಿ ತಂದ. ನನ್ನ ಟೊಂಕ ನೋಯುತ್ತ ಆಗ ನಾಲ್ಕು ವರ್ಷವಾಗಿತ್ತು. ಗೊನೆಯೊಳಗೆ ಕಾಯಿ ಒತ್ತಾಗಿ ಬೆಳೆಯಬಾರದು ಅಂತ ಸಣ್ಣ ಕತ್ತರಿಯಿಂದ ನಡುನಡುವಿನ ಕಾಯಿ ಕತ್ತರಿಸುವ ಕೆಲಸ ಇರುತ್ತದಲ್ಲ, ಅದನ್ನು ಇಡೀ ದಿನ ಕೈ ಮೇಲೆತ್ತಿ ಮಾಡಿ ಬಂದರೆ ಸಂಜೆ ಒಲೆಯ ಮುಂದೆ ಬಗ್ಗಲು ಆಗುತ್ತಿರಲಿಲ್ಲ. ಒಮ್ಮೆ ನಮ್ಮವರಿಗೆ ಹೇಳಿದೆ. ಅವರು ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಎಲ್ಲಾರ ಟೊಂಕಾನೂ ನೋಯ್ತಾವ. ಎಣ್ಣಿ ಹಚ್ಕೊಂಡು ಮಲಕೋ," ಅಂದರು.

ಎಣ್ಣೆಯ ಬಾಟಲಿ ರೂಪಾಲಿಯ ಕೋಣೆಯಲ್ಲಿತ್ತು. ನಾನು ಕೇಳಲು ಹೋಗಲಿಲ್ಲ.

ಅಂದಿನಿಂದ ನನ್ನ ಕಣ್ಣು ಅವಳ ಮೇಲಿಂದ ಸರಿಯಲಿಲ್ಲ. ಇವಳ ಕಳ್ಳಾಟವನ್ನು ಒಂದಲ್ಲ ಒಂದು ದಿನ ಹಿಡಿದು ಎಲ್ಲರ ಮುಂದೆ ನಿಲ್ಲಿಸಬೇಕು ಅಂತ ಪಣ ತೊಟ್ಟವಳಂತೆ ನೋಡುತ್ತಿದ್ದೆ. ಬೆಳಗಿನ ಐದಕ್ಕೆ ಎಮ್ಮೆ ಹಿಂಡಲು ಎದ್ದು ಬಂದರೆ ಇವಳು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಕೋಣೆಯಲ್ಲಿ ಹೊಸ ಗಾದಿ ಇಟ್ಟುಕೊಂಡು ಇಲ್ಲಿ ಬಂದು ಕೂತದ್ದು ಅತ್ತೆಯ ಕಣ್ಣಿಗೆ ಬೀಳಲಿ ಅಂತ ಅಂದುಕೊಂಡೆ. ಮುಖ ತೊಳೆಯುವಾಗ ಸಾಬೂನು ಹಚ್ಚಿ ಕಣ್ಣು ಮುಚ್ಚಿದಳೋ, ವಾಲಿ ಗೋಡೆ ಹಿಡಿಯುವಳು. ಏನು ಒಯ್ಯಾರ ಅಂದುಕೊಂಡೆ. ಒಗ್ಗರಣೆಯ ಘಾಟಿಗೆ ಮನೆಯವರೆಲ್ಲ ಕೆಮ್ಮಿದರೆ ಇವಳೊಬ್ಬಳೇ ಎದೆಯ ಸುತ್ತ ಕೈ ಒತ್ತಿಕೊಂಡು ಕಣ್ಣಲ್ಲಿ ನೀರು ತರುವಳು. ತೋಟದಲ್ಲಿ ಕೆಲಸ ಶುರುವಾದ ಮೇಲೆ ಒಂದು ಹೊತ್ತಿನಲ್ಲಿ ಐದು ಸಲ ಮನೆಯ ಕಡೆ ಓಡುವಳು. ಬಚ್ಚಲಿಗೆ ಅವಸರ ಅಂತೆ, ತಡೆಯಲು ಆಗುವುದಿಲ್ಲವಂತೆ. ನಾನು ಲೆಕ್ಕ ಇಟ್ಟಿದ್ದೆ.

ಎಲ್ಲಕ್ಕಿಂತ ನನ್ನ ಮೈ ಉರಿಸಿದ್ದು ಚಪ್ಪಲಿ. ದ್ರಾಕ್ಷಿ ಸಾಲಿನಲ್ಲಿ ನನ್ನ ಮುಂದೆ ಹೋಗುತ್ತಿದ್ದವಳ ಬಲಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಅವಳು ತಿರುಗಿ ಕೂಡ ನೋಡದೆ ಬರಿಗಾಲಲ್ಲಿ ಹತ್ತು ಹೆಜ್ಜೆ ಮುಂದೆ ಹೋದಳು. ಸಚಿನ ಓಡಿ ಬಂದು ಚಪ್ಪಲಿ ಎತ್ತಿಕೊಂಡು ಹೋಗಿ ಅವಳ ಕಾಲ ಮುಂದೆ ಇಟ್ಟ. ಹೀಗೆ ಒಂದು ಸಲವಲ್ಲ, ವಾರದಲ್ಲಿ ಮೂರು ನಾಲ್ಕು ಸಲ. ನಮ್ಮವರು ನನ್ನ ಚಪ್ಪಲಿ ಎತ್ತುವುದು ಹೋಗಲಿ, ನನ್ನ ಚಪ್ಪಲಿಯ ಬಣ್ಣ ಯಾವುದು ಅಂತ ಕೇಳಿದರೆ ಹೇಳಲಾರರು.

ಡಿಸೆಂಬರಿನಲ್ಲಿ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದು ಅಂತಾಯಿತು. ಮಾವನವರಿಗೆ ಪರಿಚಯದ ಡಾಕ್ಟರು, ಹೀಗಾಗಿ ಮಾವ ಮತ್ತು ಸಚಿನ ಜೊತೆಗೆ ಹೋದರು. ನಮ್ಮ ಮನೆಯ ಪದ್ಧತಿ ಇಲ್ಲಿ ಹೇಳಬೇಕು. ಸೊಸೆಯಂದಿರು ಮಾವನ ಮುಂದೆ ತಲೆಯ ಮೇಲೆ ಸೆರಗು ಹೊದ್ದೇ ಇರಬೇಕು, ನೇರವಾಗಿ ಮಾತಾಡುವಂತಿಲ್ಲ. ಚಹಾ ಬೇಕೋ ಬೇಡವೋ ಅನ್ನುವುದೂ ಅತ್ತೆಯ ಮೂಲಕವೇ ಆಗಬೇಕು. ಫೋನಿನಲ್ಲಿ ವ್ಯಾಪಾರಿಗಳ ಬೆವರು ಇಳಿಸುವ ರೂಪಾಲಿ ಕೂಡ ಮಾವನ ಮುಂದೆ ತುಟಿ ಬಿಚ್ಚುತ್ತಿರಲಿಲ್ಲ. ಡಾಕ್ಟರು ಎಲ್ಲಿ ನೋವು ಅಂತ ಕೇಳಿದಾಗ ಮಾವನೇ ಉತ್ತರ ಕೊಟ್ಟರಂತೆ, ಟೊಂಕ ನೋವು ಅಂತ. ನಮ್ಮ ಮನೆಯಲ್ಲಿ ಹೆಂಗಸರಿಗೆ ಬರುವುದು ಟೊಂಕ ನೋವೇ, ಬೇರೆ ನೋವಿನ ಹೆಸರು ಮಾವನಿಗೆ ಗೊತ್ತಿರಲಿಲ್ಲ. ಡಾಕ್ಟರು ಸೊಂಟದ ಎಂ.ಆರ್.ಐ. ಸ್ಕ್ಯಾನ್ ಮಾಡಿಸಲು ಬರೆದುಕೊಟ್ಟರು. ಮಾಡಿಸಿದರು. ರಿಪೋರ್ಟಿನಲ್ಲಿ ಏನೂ ಇರಲಿಲ್ಲ.

ಆ ಸಂಜೆ ನನಗೆ ಆದ ಸಂತೋಷವನ್ನು ಹೇಳಲು ನಾಚಿಕೆಯಾಗುತ್ತದೆ. ದೊಡ್ಡ ಕವರಿನಲ್ಲಿ ಆ ಕಪ್ಪು ಫಿಲ್ಮುಗಳನ್ನು ಸಚಿನ ಮೇಜಿನ ಮೇಲೆ ಇಟ್ಟು, ಎಲ್ಲಾ ನಾರ್ಮಲ್ ಅಂದ. ನಾನು ದೇವರ ಮುಂದೆ ದೀಪ ಹಚ್ಚಿ ಬಂದೆ. ದೇವರು ದೊಡ್ಡವನು ಅಂತ ಬಾಯಿಬಿಟ್ಟು ಹೇಳಿದೆ. ನಾನು ಯಾವ ಅರ್ಥದಲ್ಲಿ ಹೇಳಿದೆ ಅನ್ನುವುದು ಯಾರಿಗೂ ತಿಳಿಯಲಿಲ್ಲ. ಅತ್ತೆಯ ಧಾಟಿಯೂ ಮೆಲ್ಲಗೆ ಬದಲಾಯಿತು. ಎಣ್ಣೆಯ ಬಾಟಲಿ ಅಡುಗೆಮನೆಯ ಗೂಡಿಗೆ ವಾಪಸು ಬಂತು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅತ್ತೆ ನನ್ನ ಪಕ್ಕದಲ್ಲಿ ಕೂತು, ನಿನ್ನ ಹಾಗೆ ದುಡಿಯುವವರು ಈಗ ಎಲ್ಲಿದ್ದಾರೆ ಅಂದರು. ನಾನು ಅವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ರೂಪಾಲಿ ಮತ್ತೆ ತೋಟಕ್ಕೆ ಬರತೊಡಗಿದಳು. ಮಾತು ಕಡಿಮೆ ಮಾಡಿದಳು, ನೋವು ಅನ್ನುವುದನ್ನೇ ಬಿಟ್ಟಳು. ಗೆದ್ದೆ ಅಂದುಕೊಂಡೆ.

ಜನವರಿಯ ಒಂದು ಬೆಳಿಗ್ಗೆ ಬಚ್ಚಲಮನೆಯಲ್ಲಿ ಅವಳು ಹಂಡೆಯಿಂದ ಕುದಿಯುವ ನೀರು ಬಕೆಟ್ಟಿಗೆ ತೋಡುತ್ತಿದ್ದಳು. ನಾನು ಬಾಗಿಲಲ್ಲಿ ನನ್ನ ಸರದಿಗೆ ಕಾಯುತ್ತ ನಿಂತಿದ್ದೆ. ಚೊಂಬು ವಾರೆಯಾಗಿ ಸುಡುನೀರು ಅವಳ ಬಲಗಾಲಿನ ಮೇಲೆ ಬಿತ್ತು. ಅವಳು ಕಾಲು ಎಳೆದುಕೊಳ್ಳಲಿಲ್ಲ. ಇನ್ನೊಂದು ಚೊಂಬು ತೋಡಿದಳು. ಪಾದ ನನ್ನ ಕಣ್ಣೆದುರೇ ಕೆಂಪಗಾಗುತ್ತ ಬಂತು. ನಾನು ಅಲ್ಲೇ ನೋಡುತ್ತ ನಿಂತದ್ದು ಕಂಡು ಅವಳು, "ಏನಾತ್ರಿ ಅಕ್ಕಾ?" ಅಂತ ಕೇಳಿದಳು.

ಮಧ್ಯಾಹ್ನದ ಹೊತ್ತಿಗೆ ಪಾದದ ತುಂಬ ಬೊಬ್ಬೆ. ನಾನು ಅತ್ತೆಯನ್ನು ಪಕ್ಕಕ್ಕೆ ಕರೆದು, ಕೆಲಸ ತಪ್ಪಿಸಿಕೊಳ್ಳಲು ಬೇಕಂತಲೇ ಕಾಲು ಸುಟ್ಟುಕೊಂಡಿದ್ದಾಳೆ, ನಾನೇ ಕಣ್ಣಾರೆ ಕಂಡೆ ಅಂದೆ. ಸುಟ್ಟರೂ ಅವಳು ಕಮಕ್ ಕಿಮಕ್ ಅನ್ನಲಿಲ್ಲ ಅನ್ನುವುದನ್ನೂ ಹೇಳಿದೆ. ಈ ಮಾತು ಆಡಿದ್ದನ್ನು ನೆನೆದರೆ ಇವತ್ತಿಗೂ ಊಟ ಸೇರುವುದಿಲ್ಲ. ಆಗ ಮಾತ್ರ ನನಗೆ ಏನೂ ಅನಿಸಲಿಲ್ಲ.

ಸಚಿನ ಹಟ ಹಿಡಿದ. ಈ ಸಲ ಮಿರಜಿಗೇ ಹೋಗಿ ನರದ ಡಾಕ್ಟರಿಗೆ ತೋರಿಸುತ್ತೇನೆ ಅಂದ. ಮರುದಿನ ತೋಟ ನೋಡಲು ವ್ಯಾಪಾರಿ ಬರುವವನಿದ್ದ, ಮಾವ ಬರುವ ಹಾಗಿರಲಿಲ್ಲ. ಅತ್ತೆ ನನ್ನನ್ನು ಕರೆದು ಮೆಲ್ಲಗೆ ಹೇಳಿದರು.

"ಜೊತಿಗಿ ನೀ ಹೋಗ. ಡಾಕ್ಟರ ಮುಂದ ಇದ್ದದ್ದು ಇದ್ದಂಗ ಹೇಳಿ ಬಾ. ನಾಟಕ ಇದ್ರ ಇವತ್ತಿಗಿ ಮುಗೀಲಿ."

ನಾನು ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟೆ. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಕೂತೆ. ಕಾಗವಾಡ ದಾಟುವ ತನಕ ಅವಳು ಎದುರಿನ ಸೀಟು ಹಿಡಿದು ಬಗ್ಗಿ ಕೂತಿದ್ದಳು, ರಸ್ತೆಯ ಗುಂಡಿ ಬಂದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದಳು. ನಾನು ಕಿಟಕಿಯ ಹೊರಗೆ ನೋಡುತ್ತ ಡಾಕ್ಟರ ಮುಂದೆ ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಕಡೆಗೆ ಅಂತ ಜೋಡಿಸಿಕೊಳ್ಳುತ್ತಿದ್ದೆ.

ಡಾಕ್ಟರು ಐವತ್ತು ದಾಟಿದವರು. ನಮ್ಮ ಗಡಿಯ ಕಡೆಯವರೇ ಆಗಿದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ಹಳೆಯ ಫಿಲ್ಮುಗಳನ್ನು ಬೆಳಕಿಗೆ ಹಿಡಿದು ನೋಡಿ, ಸೊಂಟದಲ್ಲಿ ಏನೂ ತೊಂದರೆ ಇಲ್ಲ ಅಂದರು. ನನ್ನ ಮನಸ್ಸು ಅರಳಿತು. ಆಮೇಲೆ ಅವರು ರೂಪಾಲಿಯನ್ನು ಏನಾಗುತ್ತದೆ ಅಂತ ಕೇಳಿದರು. ಅವಳು ತಲೆ ತಗ್ಗಿಸಿದಳು. ಸಚಿನ ಗಾಡಿ ನಿಲ್ಲಿಸಲು ಹೋದವನು ಇನ್ನೂ ಬಂದಿರಲಿಲ್ಲ. ಇದೇ ಸಮಯ ಅಂತ ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡೆ.

"ಆಕಿನ್ನ ಏನ ಕೇಳ್ತೀರಿ, ನಾ ಹೇಳ್ತೀನ್ರಿ," ಅಂದೆ.

ಎರಡು ತಿಂಗಳು ಕೂಡಿಸಿಟ್ಟದ್ದನ್ನೆಲ್ಲ ಸುರಿದೆ. ಮಲಗಲು ಗಾದಿ ಇದ್ದರೂ ಕೂತೇ ನಿದ್ದೆ ಮಾಡುವುದು, ಕಣ್ಣು ಮುಚ್ಚಿದರೆ ವಾಲುವುದು, ಕೆಮ್ಮಿದರೆ ಎದೆ ಹಿಡಿದುಕೊಳ್ಳುವುದು, ಐದು ಸಲ ಬಚ್ಚಲಿಗೆ ಓಡುವುದು, ಸುಡುನೀರು ಬಿದ್ದರೂ ಕಲ್ಲಿನ ಹಾಗೆ ನಿಲ್ಲುವುದು. ಡಾಕ್ಟರು ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು. ಬರೆದುಕೊಳ್ಳುವುದು ಕಂಡು ನನಗೆ ಇನ್ನೂ ಹುರುಪು ಬಂತು. ಚಪ್ಪಲಿಯ ಮಾತಿಗೆ ಬಂದಾಗ ಅವರು ನಡುವೆ ತಡೆದು, ಯಾವ ಕಾಲಿನದು ಅಂತ ಕೇಳಿದರು. ನಾನು ತಡವರಿಸಲಿಲ್ಲ. ಮೊದಲು ಬಲಗಾಲಿನದು, ಈಗ ಹದಿನೈದು ದಿನದಿಂದ ಎಡಗಾಲಿನದೂ ಅಂದೆ. ಮೆಟ್ಟಿಲು ಹತ್ತುವಾಗಲೋ ಇಳಿಯುವಾಗಲೋ ಅಂದರು. ಇಳಿಯುವಾಗ ಜಾಸ್ತಿ ಅಂದೆ. ಚೆನ್ನಾಗಿ ಓದಿಕೊಂಡು ಬಂದ ಹುಡುಗಿಯ ಹಾಗೆ ಎಲ್ಲದಕ್ಕೂ ಉತ್ತರ ಕೊಟ್ಟೆ.

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು.

"ತಂಗಿ, ನಾ ಇಷ್ಟ ವರ್ಷ ಪೇಶಂಟ್ ನೋಡೀನಿ. ಮನಿ ಮಂದಿ ಯಾರೂ ಇಷ್ಟ ಕಾಳಜಿಲೆ ಗಮನಿಸಿದ್ದು ನಾ ಕಂಡಿಲ್ಲ," ಅಂದರು.

ನಾನು ಕುರ್ಚಿ ಹಿಂದಕ್ಕೆ ಸರಿಸಿಕೊಂಡೆ. ಅವರು ರೂಪಾಲಿಯ ಕಡೆ ತಿರುಗಿ, ನಿಜವಾಗಿ ಎಲ್ಲಿ ಹಿಡಿಯುತ್ತದೆ ತೋರಿಸು ಅಂದರು. ಅವಳು ಒಮ್ಮೆ ಬಾಗಿಲ ಕಡೆ, ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಎರಡೂ ಕೈಗಳನ್ನು ಎದೆಯ ಕೆಳಗೆ ಸುತ್ತಲೂ ಹಿಡಿದು ತೋರಿಸಿದಳು. ಹಗ್ಗ ಬಿಗಿದು ಕಟ್ಟಿದ ಹಾಗೆ, ಮಲಗಿದರೆ ಇನ್ನೂ ಬಿಗಿ, ಅದಕ್ಕೆ ಕೂತು ನಿದ್ದೆ ಮಾಡುತ್ತೇನೆ ಅಂದಳು. ಮೊದಲ ಡಾಕ್ಟರಿಗೆ ಇದನ್ನು ಯಾಕೆ ಹೇಳಲಿಲ್ಲ ಅಂತ ಇವರು ಕೇಳಿದರು.

"ಮಾವಾರ ಇದ್ರಲ್ರಿ," ಅಂದಳು ರೂಪಾಲಿ. "ಎದಿ ಕೆಳಗ ಅಂತ ಅವ್ರ ಮುಂದ ಹೆಂಗ ಹೇಳೂದ್ರಿ?"

ಪರೀಕ್ಷೆಯ ಮಂಚದ ಮೇಲೆ ಅವಳನ್ನು ಮಲಗಿಸಿ, ನನ್ನನ್ನೂ ಪರದೆಯ ಒಳಗೆ ಕರೆದರು. ಕಣ್ಣು ಮುಚ್ಚಿಸಿ ಪಿನ್ನಿನಿಂದ ಪಾದದಿಂದ ಮೇಲಕ್ಕೆ ಚುಚ್ಚುತ್ತ, ಗೊತ್ತಾಗುತ್ತದಾ ಅಂತ ಕೇಳುತ್ತ ಬಂದರು. ಅವಳು ಇಲ್ಲ, ಇಲ್ಲ ಅನ್ನುತ್ತಿದ್ದಳು. ಹೊಕ್ಕುಳಿನ ಮೇಲೆ ಮೂರು ಬೆರಳು ಬಂದ ಮೇಲೆ ಹಾಂ ಅಂದಳು. ನನಗೆ ಇನ್ನೂ ಅನುಮಾನ. ಬಾಯಲ್ಲಿ ಇಲ್ಲ ಅನ್ನುವುದೇನು ದೊಡ್ಡದು ಅಂದುಕೊಂಡೆ. ಆಗ ಡಾಕ್ಟರು ಸುತ್ತಿಗೆಯಂಥದ್ದರ ಹಿಡಿಕೆಯಿಂದ ಅವಳ ಅಂಗಾಲನ್ನು ಹಿಮ್ಮಡಿಯಿಂದ ಮುಂದಕ್ಕೆ ಗೀರಿದರು. ಅವಳ ಹೆಬ್ಬೆರಳು ತಾನಾಗಿಯೇ ಮೇಲಕ್ಕೆ ಎದ್ದು ನಿಂತಿತು, ಉಳಿದ ಬೆರಳುಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಂಡವು. ಎರಡೂ ಕಾಲಲ್ಲಿ ಹಾಗೇ ಆಯಿತು. ನನ್ನ ಕಾಲಿಗೂ ಗೀರಿ ತೋರಿಸಿ ಅಂತ ಕೇಳಬೇಕು ಅನಿಸಿತು, ಕೇಳಲಿಲ್ಲ. ಡಾಕ್ಟರ ಮುಖ ನೋಡಿದೆ. ಇದು ನಾಟಕದ ಬೆರಳಲ್ಲ ಅಂತ ಆ ಮುಖ ನೋಡಿಯೇ ತಿಳಿಯಿತು.

ಬೆನ್ನಿನ ಮೇಲ್ಭಾಗದ ಎಂ.ಆರ್.ಐ. ಇವತ್ತೇ ಆಗಬೇಕು ಅಂದರು. ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ನರ್ಸು, "ಅಂಗಾವರ್ಚ ಸಗಳ ಸೋನ ಕಾಢಾ" ಅಂತ ಮೈಮೇಲಿನ ಬಂಗಾರವೆಲ್ಲ ತೆಗೆಯಲು ಹೇಳಿದಳು. ಒಳಗಿರುವುದು ದೊಡ್ಡ ಅಯಸ್ಕಾಂತ, ಲೋಹದ್ದು ಏನೂ ಇರಬಾರದು. ತಾಳಿ ತೆಗೆದಾಗ ನಮ್ಮಲ್ಲಿ ಕೊರಳು ಬರಿದಾಗಿ ಬಿಡುವುದಿಲ್ಲ, ದಾರಕ್ಕೆ ಅರಿಷಿಣದ ಬೇರು ಕಟ್ಟಿ ಹಾಕುತ್ತೇವೆ. ಮೊದಲ ಸ್ಕ್ಯಾನಿನಲ್ಲಿ ಅತ್ತೆ ಕೊಟ್ಟು ಕಳಿಸಿದ್ದ ದಾರ ಅವಳ ಪರ್ಸಿನಲ್ಲೇ ಇತ್ತು. ಅದನ್ನು ಕಟ್ಟಲು ಅಲ್ಲಿ ಇದ್ದ ಮುತ್ತೈದೆ ನಾನೊಬ್ಬಳೇ. ಅವಳ ಕೂದಲು ಸರಿಸಿ ಕೊರಳ ಹಿಂದೆ ಗಂಟು ಹಾಕಿದೆ. ಕಾಲುಂಗುರ ತೆಗೆಯಲು ನೆಲಕ್ಕೆ ಕೂತಾಗ ಆ ಬೊಬ್ಬೆ ಎದ್ದ ಪಾದ ನನ್ನ ಕೈಯಲ್ಲಿತ್ತು.

ಅವಳು ಬೋರಮಾಳ ಬಿಚ್ಚಿ ನನ್ನ ಕೈಗೆ ಕೊಟ್ಟು, ಪರ್ಸಿನಲ್ಲಿ ಬೇಡ, ನಿಮ್ಮ ಕೊರಳಿಗೇ ಹಾಕಿಕೊಳ್ಳಿ, ಜೋಪಾನ ಅಂದಳು. ಅವಳು ಒಳಗೆ ಹೋದಳು, ಭಾರವಾದ ಬಾಗಿಲು ಮುಚ್ಚಿತು. ನಾನು ಸರ ಹಾಕಿಕೊಂಡು ಹಿಂದಿನ ಕೆಂಪು ಗೊಂಡೆ ಎಳೆದು ಸರಿ ಮಾಡಿದೆ. ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಅಂಥ ಹೊತ್ತಿನಲ್ಲೂ ನಾನು ಮೊಬೈಲಿನ ಕ್ಯಾಮೆರಾ ತಿರುಗಿಸಿ ನನ್ನ ಕೊರಳು ನೋಡಿಕೊಂಡೆ. ನನಗೆ ಅದು ಒಪ್ಪುತ್ತಿತ್ತು. ಒಳಗಿನಿಂದ ಯಂತ್ರದ ಧಡ್ ಧಡ್ ಸದ್ದು ಶುರುವಾಯಿತು. ಮಲಗಿದರೆ ಬಿಗಿಯುತ್ತದೆ ಅಂದವಳನ್ನು ಆ ಕೊಳವೆಯೊಳಗೆ ಅಂಗಾತ ಮಲಗಿಸಿದ್ದಾರೆ ಅಂತ ಆಗ ನೆನಪಾಯಿತು. ಮೊಬೈಲು ಪರ್ಸಿಗೆ ಹಾಕಿದೆ. ಒಂದು ಗಂಟೆಗೂ ಹೆಚ್ಚು ಹೊತ್ತು ಆ ಸದ್ದು ಕೇಳುತ್ತ ಕೂತೆ. ದೇವರೇ, ಆ ಫಿಲ್ಮಿನಲ್ಲಿ ಏನೂ ಇಲ್ಲದಿರಲಿ ಅಂತ ಈ ಸಲ ನಿಜವಾಗಿ ಬೇಡಿಕೊಂಡೆ.

ಹೊರಗೆ ಬಂದಾಗ ಅವಳ ಮುಖದ ತುಂಬ ಬೆವರು. ಸರ ಬಿಚ್ಚಿ ಕೊಡಲು ಗೊಂಡೆಯ ಗಂಟಿಗೆ ಕೈ ಹಾಕಿದೆ. "ಇರ್ಲಿ ಬಿಡ್ರಿ ಅಕ್ಕಾ, ಊರಿಗಿ ಹೋಗೂ ತನಕ ನಿಮ್ಮ ಕೊಳ್ಳಾಗ ಇರ್ಲಿ. ಛಲೋ ಕಾಣ್ತೈತಿ," ಅಂದಳು. ನನಗೆ ಆ ಸರ ಆಗಲೇ ತೆಗೆದು ಎಸೆಯಬೇಕು ಅನಿಸಿತ್ತು.

ಮಧ್ಯಾಹ್ನ ಡಾಕ್ಟರು ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. ಬೆನ್ನುಮೂಳೆಗಳ ನಡುವಿನ ಕಾಲುವೆಯಲ್ಲಿ ಬೂದು ಬಣ್ಣದ ಹುರಿ ಮೇಲಿನಿಂದ ಕೆಳಗೆ ಇಳಿದಿತ್ತು, ಅದರ ಎರಡೂ ಬದಿ ಬೆಳ್ಳಗೆ ನೀರು. ಎದೆಯ ಮಟ್ಟಕ್ಕೆ ಬಂದಾಗ ಆ ಹುರಿ ದಾರದಷ್ಟು ತೆಳ್ಳಗಾಗಿ ಒಂದು ಬದಿಗೆ ಒತ್ತಿಹೋಗಿತ್ತು. ಅದನ್ನು ಒತ್ತಿ ಹಿಡಿದದ್ದು ನಮ್ಮ ತೋಟದ ದ್ರಾಕ್ಷಿ ಕಾಯಿಯಷ್ಟೇ ದೊಡ್ಡದಾದ ಒಂದು ಗಡ್ಡೆ. ಸೂಜಿಯಲ್ಲಿ ಔಷಧ ಕೊಟ್ಟ ಮೇಲೆ ತೆಗೆದ ಚಿತ್ರದಲ್ಲಿ ಅದೊಂದೇ ಬೆಳ್ಳಗೆ ಹೊಳೆಯುತ್ತಿತ್ತು. ಕಾಲಿನ ತೊಂದರೆಗೆ ಎದೆಯ ಹತ್ತಿರ ಗಡ್ಡೆ ಹೇಗೆ ಅಂತ ಸಚಿನನಿಗೆ ಅರ್ಥವಾಗಲಿಲ್ಲ.

"ನಿಮ್ಮ ತ್ವಾಟದಾಗ ಡ್ರಿಪ್ ಪೈಪ್ ಮ್ಯಾಲೆ ಎಲ್ಲ್ಯರ ಮಡಚಿತ್ತಂದ್ರ ಕೆಳಗಿನ ಗಿಡಕ್ಕ ನೀರು ಹೋಗಂಗಿಲ್ಲ," ಅಂದರು ಡಾಕ್ಟರು. "ನೀವು ಗಿಡದ ಬುಡ ನೋಡಿಸಿದ್ರಿ. ಪೈಪ್ ಮಡಚಿದ್ದು ಮ್ಯಾಲೆ ಐತಿ."

ಇಂಥ ಗಡ್ಡೆ ಹೆಚ್ಚಾಗಿ ಕ್ಯಾನ್ಸರಿನದು ಆಗಿರುವುದಿಲ್ಲ, ಆದರೆ ತೆಗೆದು ಪರೀಕ್ಷೆ ಮಾಡಿದ ಮೇಲೆಯೇ ಖಚಿತ ಹೇಳಬಹುದು, ತಡ ಮಾಡುವಂತಿಲ್ಲ ಅಂದರು. ಇನ್ನಷ್ಟು ದಿನ ಬಿಟ್ಟಿದ್ದರೆ ಎರಡೂ ಕಾಲು ಹೋಗುವ ಸಂಭವ ಇತ್ತಂತೆ, ಆಮೇಲೆ ತೆಗೆದರೂ ಕಾಲು ವಾಪಸು ಬರುವ ಭರವಸೆ ಇರುತ್ತಿರಲಿಲ್ಲವಂತೆ. ಸಚಿನ ಅಲ್ಲೇ ಬಗ್ಗಿ ನನ್ನ ಕಾಲು ಮುಟ್ಟಿದ. ಅತ್ತಿಗೆ, ನೀವು ಬರದಿದ್ದರೆ ಇದು ತಿಳಿಯುತ್ತಿರಲಿಲ್ಲ ಅಂದ. ನಾನು ಹಿಂದೆ ಸರಿದೆ.

ಎರಡು ದಿನ ಬಿಟ್ಟು ಆಪರೇಷನ್ ಆಯಿತು. ಗಡ್ಡೆ ಪೂರ್ತಿ ಬಂತು, ಕ್ಯಾನ್ಸರ್ ಅಲ್ಲ ಅಂತ ರಿಪೋರ್ಟೂ ಬಂತು. ಎರಡು ತಿಂಗಳು ವಾಕರ್ ಹಿಡಿದು ನಡೆದಳು. ಅವಳಿಗೆ ಸ್ನಾನ ಮಾಡಿಸುವುದು, ಎಬ್ಬಿಸಿ ಕೂಡಿಸುವುದು ನಾನೇ ಮಾಡಿದೆ. ಬೇರೆಯವರಿಗೆ ಬಿಡಲಿಲ್ಲ. ಊರಿನ ಜನ ಎಳನೀರು, ಹಣ್ಣು ಹಿಡಿದುಕೊಂಡು ಬಂದು ಅವಳ ಸುತ್ತ ಕೂತಾಗ ನನ್ನ ಹೊಟ್ಟೆ ಸುಮ್ಮನಿತ್ತು ಅಂತ ಹೇಳಲಾರೆ. ಆದರೆ ಬಂದವರಿಗೆಲ್ಲ ಅತ್ತೆ ಹೇಳುತ್ತಿದ್ದದ್ದು ಒಂದೇ ಮಾತು, ಹಿರಿ ಸೊಸೆಯ ಕಣ್ಣಿಂದ ಕಿರಿ ಸೊಸೆಯ ಕಾಲು ಉಳಿಯಿತು ಅಂತ. ನನ್ನನ್ನು ಜೊತೆಗೆ ಯಾಕೆ ಕಳಿಸಿದ್ದರು ಅನ್ನುವುದನ್ನು ಅವರು ಮರೆತಿದ್ದರೋ, ಮರೆತ ಹಾಗೆ ಮಾಡಿದರೋ, ನಾವಿಬ್ಬರೂ ಇವತ್ತಿನ ತನಕ ಆ ಮಾತು ಎತ್ತಿಲ್ಲ. ನಿಪ್ಪಾಣಿಯಿಂದ ಅವಳ ತಾಯಿ ಬಂದು ನನಗೆ ಹಸಿರು ರೇಷ್ಮೆ ಸೀರೆ ಇಟ್ಟು ಉಡಿ ತುಂಬಿದರು. ರೂಪಾಲಿಯ ಯಾವ ಸೀರೆಗಿಂತಲೂ ಅದು ಚೆನ್ನಾಗಿದೆ. ಇದುವರೆಗೆ ಅದರ ಮಡಿಕೆ ಬಿಚ್ಚಿಲ್ಲ.

ಒಂದು ದಿನ ತಲೆ ಬಾಚುವಾಗ ರೂಪಾಲಿ, "ರಿಪೋರ್ಟ್ ನಾರ್ಮಲ್ ಬಂದ ಮ್ಯಾಲೆ ನನ್ನ ಕಡೆ ಯಾರೂ ನೋಡಂಗಿಲ್ಲ ಅಂತ ತಿಳಕೊಂಡಿದ್ದೆ ಅಕ್ಕಾ. ನೀವು ನೋಡಾಕತ್ತಿದ್ರಿ," ಅಂದಳು. ಬಾಯಿಯವರೆಗೆ ಬಂದ ಸತ್ಯವನ್ನು ನುಂಗಿಕೊಂಡು ಅವಳ ಹೆರಳು ಹಾಕಿದೆ.

ಕಳೆದ ವರ್ಷ ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ರೂಪಾಲಿ ನನ್ನನ್ನು ಬಲವಂತವಾಗಿ ಅದೇ ಡಾಕ್ಟರ ಹತ್ತಿರ ಕರೆದೊಯ್ದಳು. ಟೊಂಕ ನೋವು ಅಂತ ನಾನು ಯಾರಿಗೂ ಹೇಳುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಡಾಕ್ಟರು ಕೇಳಿದಾಗ ನಾನು ಬಾಯಿ ತೆಗೆಯುವ ಮೊದಲೇ ಅವಳು ಹೇಳತೊಡಗಿದಳು. ಬೆಳಿಗ್ಗೆ ಎದ್ದಕೂಡಲೇ ಅಕ್ಕನಿಗೆ ನೆಟ್ಟಗೆ ನಿಲ್ಲಲು ಆಗುವುದಿಲ್ಲ, ಹಿಟ್ಟು ನಾದುವಾಗ ಎಡಗೈ ಕಟ್ಟೆಗೆ ಊರುತ್ತಾಳೆ, ಬಕೆಟ್ ಎತ್ತುವ ಮುಂಚೆ ಉಸಿರು ಹಿಡಿಯುತ್ತಾಳೆ, ನೋವು ಜಾಸ್ತಿ ಇದ್ದ ದಿನ ಯಾರ ಜೊತೆಗೂ ಮಾತಾಡುವುದಿಲ್ಲ. ಈ ಕೊನೆಯದು ನನಗೇ ಗೊತ್ತಿರಲಿಲ್ಲ. ಹನ್ನೆರಡು ವರ್ಷ ಈ ಮನೆಯಲ್ಲಿ ನನ್ನನ್ನು ಯಾರೂ ನೋಡುವುದಿಲ್ಲ ಅಂತ ನಾನು ಉರಿದುಕೊಂಡಿದ್ದೆ.

ಸ್ಕ್ಯಾನ್ ಮಾಡಿಸಿದರು. ಏನೂ ಇರಲಿಲ್ಲ, ದುಡಿಮೆಯ ಸವೆತ, ವ್ಯಾಯಾಮ ಮಾಡಿದರೆ ಸಾಕು ಅಂದರು. ಅವಳಿಗೆ ದೊಡ್ಡದು ಇತ್ತು, ನನಗೆ ಏನೂ ಇಲ್ಲವೇ ಅಂತ ಒಂದು ಕ್ಷಣ ಬೇಸರವಾಯಿತು ಅಂದರೆ ನೀವು ನಗುತ್ತೀರಿ. ನನ್ನ ಸ್ವಭಾವ ಅಂಥದ್ದು.

ಹೊರಡುವಾಗ ಡಾಕ್ಟರು ರೂಪಾಲಿಗೆ, ನೀನೂ ಚೆನ್ನಾಗಿ ಗಮನಿಸುತ್ತೀಯಲ್ಲ ಅಂದರು.

"ನಮ್ಮ ಅಕ್ಕನ ಕಡಿಂದನ ಕಲತೀನ್ರಿ," ಅಂದಳು ಅವಳು.

ನಾನು ತಲೆ ತಗ್ಗಿಸಿದೆ. ಹೊಗಳಿಕೆಗೆ ನಾಚಿಕೊಂಡೆ ಅಂದುಕೊಂಡು ಡಾಕ್ಟರು ನಕ್ಕರು.

ಅವಳಿಗೆ ಇನ್ನೂ ಹೇಳಿಲ್ಲ. ಇದನ್ನು ಓದಿದರೆ ತಿಳಿಯುತ್ತದೆ, ತಿಳಿಯಲಿ ಅಂತಲೇ ಬರೆದಿದ್ದೇನೆ. ಈಗ ಅವಳು ದ್ರಾಕ್ಷಿ ಸಾಲಿನಲ್ಲಿ ನನಗಿಂತ ಜೋರಾಗಿ ನಡೆಯುತ್ತಾಳೆ. ಹಿಂದಿನಿಂದ ನೋಡಿದರೆ ಕೊರಳಲ್ಲಿ ಬೋರಮಾಳದ ಕೆಂಪು ಗೊಂಡೆ ಅಲ್ಲಾಡುವುದು ಕಾಣುತ್ತದೆ, ಹೊಟ್ಟೆಯಲ್ಲಿ ಇನ್ನೂ ಸ್ವಲ್ಪ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ನಾನು ಮೊದಲು ನೋಡುವುದು ಅವಳ ಕಾಲನ್ನು, ಎರಡರಲ್ಲೂ ಚಪ್ಪಲಿ ಇದೆಯಾ ಅಂತ.